ಕೀ ಬಿಟ್ಟಾಗ ಸ್ಟಾರ್ಟ್ ಆಗುತ್ತಿದ್ದ ಜೀಪು

ವಯನಾಡಿನ ಕೇಣಿಚಿರದಲ್ಲಿ ನನ್ನ ಅಂಗಡಿ ಇದ್ದದ್ದು ಇಳಿಜಾರಿನಲ್ಲಿ. ಅದು ಅಕಸ್ಮಾತ್ತಲ್ಲ. ಜಾಗ ನೋಡಲು ಬಂದಿದ್ದ ನನ್ನ ಗುರು ಕುಂಞಪ್ಪನ್ ಆಶಾನ್ ಗಡಿಯ ಲಾರಿಯವರಿಂದ ಕಲಿತ ತಮ್ಮ ಮುರುಕು ಕನ್ನಡದಲ್ಲಿ ಹೇಳಿದ್ದರು: "ಮಾದೇವಾ, ಮನೆ ಕಟ್ಟೋನು ನೀರು ನೋಡ್ಬೇಕು. ವಂಡಿ ಕೆಲಸ ಮಾಡೋನು ಇಳಿಜಾರು ನೋಡ್ಬೇಕು." ಗಾಡಿ ಸ್ಟಾರ್ಟ್ ಆಗದಿದ್ದರೆ ಬ್ರೇಕ್ ಬಿಟ್ಟು ಉರುಳಿಸಿದರಾಯಿತು, ಗಿರಾಕಿ ನಗುತ್ತಾ ಹೋಗುತ್ತಾನೆ ಎಂಬುದು ಅವರ ಲೆಕ್ಕ. ಮೂವತ್ತೆಂಟು ವರ್ಷ ಅದೇ ಇಳಿಜಾರಿನಲ್ಲಿ ನಿಂತು ಗಾಡಿಗಳ ವಯರು, ಬ್ಯಾಟರಿ, ಸೆಲ್ಫ್ ನೋಡಿಕೊಂಡೆ. ಹೋದ ವರ್ಷ ಬೆನ್ನು "ಇನ್ನು ಸಾಕು ಕಣಪ್ಪ" ಅಂದಿತು, ಬಾಗಿಲು ಹಾಕಿದೆ. ಈಗ ಈ ಕೆಲಸ ಕಲಿಯಲು ಹೊರಟವರು ಕೆಲವರು ಮನೆಗೆ ಬಂದು, ನಿಮ್ಮ ಅನುಭವ ಹೇಳಿ ಅನ್ನುತ್ತಾರೆ. ಹೇಳುತ್ತೇನೆ. ಆದರೆ ನನ್ನ ಜಾಣತನಕ್ಕಿಂತ ನಾನು ದಡ್ಡನಾದ ದಿನಗಳೇ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದಾವು.

ಮೊದಲು ಒಂದು ಪಾಠ, ಚಿಕ್ಕದು. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರಿಗೆ ನಮ್ಮ ಕಡೆ ಸೆಲ್ಫ್ ಅನ್ನುತ್ತಾರೆ. ಅದೊಬ್ಬ ಬಕಾಸುರ. ನೀವು ಕೀ ತಿರುಗಿಸಿ ಹಿಡಿದ ಆ ಮೂರು ನಾಲ್ಕು ಸೆಕೆಂಡು, ಬ್ಯಾಟರಿ ಕೊಟ್ಟದ್ದೆಲ್ಲ ಅವನ ಹೊಟ್ಟೆಗೇ ಹೋಗುತ್ತದೆ. ಹನ್ನೆರಡೂವರೆ ವೋಲ್ಟ್ ಇದ್ದ ಬ್ಯಾಟರಿ ಹತ್ತಕ್ಕೆ ಇಳಿಯುತ್ತದೆ, ಸೋತದ್ದಾದರೆ ಎಂಟಕ್ಕೂ ಇಳಿಯುತ್ತದೆ. ಪೆಟ್ರೋಲಿಗೆ ಕಿಡಿ ಕೊಡುವ ಕಾಯಿಲ್ ಎಂಬ ಬಡಪಾಯಿ ಪಂಕ್ತಿಯ ಕೊನೆಯಲ್ಲಿ ಕೂತಿರುತ್ತದೆ. ಅದರ ಎಲೆಗೆ ಅನ್ನ ಉಳಿದಿರುವುದಿಲ್ಲ. ಎಂಜಿನ್ ಗರಗರ ತಿರುಗುತ್ತದೆ, ಪೆಟ್ರೋಲೂ ಬರುತ್ತದೆ, ಕಿಡಿ ಮಾತ್ರ ಇಲ್ಲ. ಸೆಲ್ಫ್ ತಿರುಗುತ್ತಿದೆಯಲ್ಲ, ಹಾಗಾದರೆ ಬ್ಯಾಟರಿ ಸರಿಯಿದೆ ಅಂದುಕೊಂಡು ಮೇಸ್ತ್ರಿ ಕಾರ್ಬುರೇಟರ್ ಬಿಚ್ಚುತ್ತಾನೆ. ನಾನೂ ಬಿಚ್ಚಿದವನೇ.

ಅದನ್ನು ಮೊದಲ ಸಲ ಕಲಿತದ್ದು ನಂಜುಂಡಶೆಟ್ಟರ ಕಾರಿನಲ್ಲಿ. ಶೆಟ್ಟರು ಗುಂಡ್ಲುಪೇಟೆ ಕಡೆಯವರು, ನಮ್ಮಪ್ಪನ ಹಾಗೆಯೇ ಗಡಿ ದಾಟಿ ಬಂದು ಅಂಗಡಿ ಇಟ್ಟವರು. ಬಹಳ ದೈವಭಕ್ತರು. ಆಯುಧಪೂಜೆ ಕಳೆದು ವಾರವಾಗಿತ್ತು. ಕಾರಿನ ಸೆಲ್ಫ್ ತಿರುಗುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ. ನಾನಾಗ ಆಶಾನ್ ಕೈಕೆಳಗೆ ಕೆಲಸಕ್ಕೆ ಸೇರಿ ಎರಡು ವರ್ಷ, ಎಲ್ಲ ಬಲ್ಲೆ ಅನ್ನುವ ವಯಸ್ಸು. ಪ್ಲಗ್ ಬದಲಿಸಿದೆ, ಪಾಯಿಂಟ್ ಉಜ್ಜಿದೆ, ಕಾರ್ಬುರೇಟರ್ ತೊಳೆದೆ. ಮಧ್ಯಾಹ್ನ ಊಟ ಮುಗಿಸಿ ಬಂದ ಆಶಾನ್ ಏನನ್ನೂ ಬಿಚ್ಚಲಿಲ್ಲ. ನನ್ನಿಂದ ಐದಾರು ಸಲ ಸೆಲ್ಫ್ ಹೊಡೆಸಿ, ಬ್ಯಾಟರಿಯ ಟರ್ಮಿನಲ್ ಮೇಲೆ ಬೆರಳಿಟ್ಟರು. "ಇದು ಚೂಡಾಗಿದೆ. ಇಲ್ಲಿ ಬಿಸಿ ಯಾಕೆ?" ಅಂದರು.

ಅದಕ್ಕೆ ವಯರ್ ಬಿಗಿದ ಕ್ಲಾಂಪ್ ಬಿಚ್ಚಿದರೆ ಒಳಗೆ ಅರಿಸಿನ, ಕುಂಕುಮ, ವಿಭೂತಿ, ಒಂದು ಬಾಡಿದ ಚೆಂಡುಹೂವಿನ ಎಸಳು. ಶೆಟ್ಟರನ್ನು ಕೇಳಿದರೆ ಅವರಿಗೆ ಕಿಂಚಿತ್ತೂ ನಾಚಿಕೆಯಿಲ್ಲ. "ಅಲ್ಲ ಕಣಪ್ಪ ಮಾದೇವ, ಗಾಡಿಗೆ ಶಕ್ತಿ ಬರೋದು ಎಲ್ಲಿಂದ? ಅಲ್ಲಿಂದಲೇ ತಾನೆ? ಚಕ್ರಕ್ಕೆ ನಿಂಬೆಹಣ್ಣು ಇಟ್ಬುಟ್ಟು ಶಕ್ತಿದೇವ್ರಿಗೇ ಪೂಜೆ ಮಾಡ್ದೆ ಬುಟ್ರೆ ಒಪ್ತಾಳಾ?" ಅಂದರು. ಕ್ಲಾಂಪ್ ಬಿಚ್ಚಿ, ಟರ್ಮಿನಲ್ ಮೀಯಿಸಿ, ಕುಂಕುಮ ಹಚ್ಚಿ, ಮತ್ತೆ ಮುಚ್ಚಿದ್ದರು. ಆ ಭಕ್ತಿಯ ಪದರ ದೀಪಕ್ಕೆ, ಹಾರನ್ನಿಗೆ ಸಾಲುವಷ್ಟು ಕರೆಂಟು ಬಿಡುತ್ತಿತ್ತು. ಸೆಲ್ಫ್ ಎಳೆದಾಗ ಮಾತ್ರ ವೋಲ್ಟೇಜ್ ಅಲ್ಲೇ ಸೋರಿ ಬಿಸಿಯಾಗಿ ಹೋಗುತ್ತಿತ್ತು, ಕಾಯಿಲ್‌ಗೆ ತಲುಪುತ್ತಿರಲಿಲ್ಲ. ಬಿಸಿನೀರಲ್ಲಿ ತೊಳೆದು ಉಜ್ಜಿ ಬಿಗಿದೆವು, ಕಾರು ಒಂದೇ ಸಲಕ್ಕೆ ಎದ್ದಿತು. ಮುಂದಿನ ವರ್ಷದಿಂದ ಆಶಾನ್ ಅವರೇ ಹಬ್ಬದ ಹಿಂದಿನ ದಿನ ಶೆಟ್ಟರ ಮನೆಗೆ ಹೋಗಿ, "ಕುಂಕುಮ ಮುಚ್ಚಳದ ಮೇಲೆ, ಸ್ವಾಮೀ" ಅಂತ ಜ್ಞಾಪಿಸಿ ಪಾಯಸ ಕುಡಿದು ಬರುತ್ತಿದ್ದರು.

ಈಗಿನ ಗಾಡಿಗಳಲ್ಲಿ ಪಾಯಿಂಟೂ ಇಲ್ಲ, ಕಾರ್ಬುರೇಟರೂ ಇಲ್ಲ, ಎಲ್ಲ ಕಂಪ್ಯೂಟರ್. ಬಕಾಸುರ ಮಾತ್ರ ಅವನೇ. ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗೆ ಕುಸಿದರೆ ಕಂಪ್ಯೂಟರ್ ಕಣ್ಣು ಮುಚ್ಚಿಬಿಡುತ್ತದೆ, ಕಿಡಿ ನಿಲ್ಲುತ್ತದೆ. ಆಮೇಲೆ ಎಚ್ಚರವಾಗಿ, ಅಲ್ಲಿ ನೋವು ಇಲ್ಲಿ ನೋವು ಅಂತ ಎಂಟು ಹತ್ತು ದೂರು ಬರೆದಿಡುತ್ತದೆ. ಸ್ಕ್ಯಾನರ್ ಹಾಕಿದವನು ಅಷ್ಟನ್ನೂ ನಂಬಿ ಸೆನ್ಸರ್ ಮೇಲೆ ಸೆನ್ಸರ್ ಬದಲಿಸುತ್ತಾ ಹೋಗುತ್ತಾನೆ. ಮೀಟರನ್ನು ಸುಮ್ಮನೆ ನಿಂತ ಗಾಡಿಗೆ ಇಟ್ಟು ಹನ್ನೆರಡೂವರೆ ಇದೆ ಅನ್ನಬೇಡಿ. ಸೆಲ್ಫ್ ಹೊಡೆಯುವಾಗ ಎಷ್ಟಿದೆ ನೋಡಿ. ಬ್ಯಾಟರಿಯ ಹತ್ತಿರ ಒಂದು ಸಲ, ಕಾಯಿಲ್ ಹತ್ತಿರ ಇನ್ನೊಂದು ಸಲ.

ಇಷ್ಟು ಗೊತ್ತಿದ್ದವನು ನಾನು. ಗೊತ್ತಿದ್ದೂ ಕೆಂಪಿಗೆ ಅನ್ಯಾಯ ಮಾಡಿದೆ.

ಕೆಂಪಿ ಕಾಡಂಚಿನ ಒಂದು ಹಾಡಿಯವಳು, ಕಾಟ್ಟುನಾಯ್ಕರ ಹೆಣ್ಣುಮಗಳು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ, ಹಾಗಾಗಿ ನನ್ನನ್ನು ಕಂಡರೆ ಮಲಯಾಳ ಬಿಟ್ಟು ಆರಾಮಾಗಿ ಮಾತಾಡುತ್ತಿದ್ದಳು. ಶುಂಠಿ ಗದ್ದೆಯ ಕೂಲಿ ಮಾಡಿಕೊಂಡೇ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದವಳು. ಹಾಡಿಯ ಮಕ್ಕಳನ್ನು ಶಾಲೆಗೆ ಕರೆತರಲು ಶಾಲೆಯವರು ಒಂದು ಹಳೆಯ ಪೆಟ್ರೋಲ್ ಜೀಪ್ ಇಟ್ಟಿದ್ದರು. ಮೊದಲಿದ್ದ ಡ್ರೈವರ್ ರಸ್ತೆಯಲ್ಲಿ ನಿಂತು ಹಾರನ್ ಹೊಡೆಯುತ್ತಿದ್ದ, ಬಂದ ಮಕ್ಕಳು ಬಂದರು, ಇಲ್ಲದವರು ಇಲ್ಲ. ಅವನು ಬಿಟ್ಟ ಮೇಲೆ ಕೆಲಸ ಕೆಂಪಿಗೆ ಸಿಕ್ಕಿತು. ಅವಳು ಪ್ರತಿ ಗುಡಿಸಲಿಗೂ ಹೋಗಿ ಹೆಸರು ಹಿಡಿದು ಕರೆದು, ತಲೆ ಬಾಚದವರಿಗೆ ಬಾಚಿ ಕರೆದುಕೊಂಡು ಬರುತ್ತಿದ್ದಳು. ಜೀಪು ತುಂಬುತ್ತಿತ್ತು.

ತೊಂದರೆ ಇದ್ದದ್ದು ಶಾಲೆಯ ಅಂಗಳದಲ್ಲಿ. ನಮ್ಮ ವಯನಾಡಿನ ಡ್ರೈವರುಗಳಿಗೆ ಒಂದು ಅಭ್ಯಾಸ, ಮೂಗು ಇಳಿಜಾರಿಗೆ ಮಾಡಿಯೇ ಗಾಡಿ ನಿಲ್ಲಿಸುತ್ತಾರೆ. ಕಾಡಿನ ದಾರಿಯಲ್ಲಾದರೆ ಆನೆಯ ಭಯಕ್ಕೆ ಎಂಜಿನ್ ನಿಲ್ಲಿಸುವುದೇ ಇಲ್ಲ. ಕಾಡಿನ ನಡುವಿನ ಪೊನ್ಕುಳಿ ದೇವಸ್ಥಾನದ ಮುಂದೆಯೂ ಎಂಜಿನ್ ಓಡುತ್ತಿರುವಾಗಲೇ ಕೈ ಮುಗಿಯುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಆದರೆ ಆ ಶಾಲೆ ಇದ್ದದ್ದು ಗದ್ದೆ ತುಂಬಿಸಿದ ಸಮತಟ್ಟು ಜಾಗದಲ್ಲಿ. ಸಂಜೆ ಕೆಂಪಿ ಕೀ ತಿರುಗಿಸಿದರೆ ಸೆಲ್ಫ್ ಗರಗರ ಅನ್ನುತ್ತಿತ್ತು, ಜೀಪ್ ಏಳುತ್ತಿರಲಿಲ್ಲ. ಮಕ್ಕಳೆಲ್ಲ ಇಳಿದು ಹಿಂದೆ ಕೈಕೊಟ್ಟು ತಳ್ಳಬೇಕು. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಒಂದು ದಿನ ಒಂದು ಮಗು ಜಾರಿ ಬಿದ್ದು ತುಟಿ ಒಡೆದುಕೊಂಡಿತು, ಅಲ್ಲಿಂದ ಮಾತು ಎದ್ದಿತು. ಹೆಂಗಸಿಗೆ ಸೆಲ್ಫ್ ಹೊಡೆಯಲು ಬರುವುದಿಲ್ಲ, ಬೇರೆ ಡ್ರೈವರನ್ನು ಹಾಕಿ ಎಂದು ಕೆಲವರು ಹಟ ಹಿಡಿದರು.

ಅವಳು ಜೀಪನ್ನು ನನ್ನ ಅಂಗಡಿಗೆ ತಂದಳು. ನಾನು ಹತ್ತಿ ಕೂತೆ, ಅಭ್ಯಾಸಬಲ, ಬ್ರೇಕ್ ಬಿಟ್ಟೆ, ಇಳಿಜಾರಿನಲ್ಲಿ ಹತ್ತಡಿ ಉರುಳಿ ಗಾಡಿ ಎದ್ದಿತು. "ವಂಡಿಗೆ ಏನೂ ಕುಳಪ್ಪ ಇಲ್ಲ, ಸರಿಯಾಗೇ ಐತೆ" ಅಂದೆ. ಉರುಳಿಸಿದಾಗ ಸೆಲ್ಫ್ ಕೆಲಸ ಮಾಡುವುದೇ ಇಲ್ಲ, ಕಾಯಿಲ್‌ಗೆ ಪೂರ್ತಿ ಪಾಲು ಸಿಗುತ್ತದೆ, ಕಿಡಿ ಯಾಕೆ ಬರುವುದಿಲ್ಲ? ಮತ್ತೆ ವಾರ ಬಿಟ್ಟು ಬಂದಳು. ಈ ಸಲ ಕೀ ತಿರುಗಿಸಿ ನೋಡಿದೆ. ಗರ್ ಅಂದಿತು, ಎದ್ದಿತು. ಅವಳು ತಿರುಗಿಸಿದರೆ ಏಳಲಿಲ್ಲ. ನಾನು ತಿರುಗಿಸಿದರೆ ಎದ್ದಿತು. ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅದೇ ಸಂಜೆ ಚಹಾದ ಅಂಗಡಿಯಲ್ಲಿ ಶಾಲೆಯ ಪೋಷಕರ ಸಮಿತಿಯ ಅಧ್ಯಕ್ಷ, ನಾವೆಲ್ಲ ಚೇಟನ್ ಅಂದರೆ ಅಣ್ಣ ಅನ್ನುವ ವರ್ಗೀಸ್ ಚೇಟನ್ ಸಿಕ್ಕಿ ಕೇಳಿದರು, "ಎಂತಾ ಮಾದೇವಾ, ಆ ಜೀಪಿಗೆ?" ನಾನು ಗ್ಲಾಸು ಕೆಳಗಿಡದೆಯೇ ಹೇಳಿದೆ, "ಜೀಪಿಗೆ ಏನಿಲ್ಲ ಚೇಟಾ. ಕೈ ಸರಿ ಇಲ್ಲ."

ಆ ಒಂದು ಮಾತು ಸಾಕಾಯಿತು. ಕೇಣಿಚಿರದ ಮಾದೇವ ಮೇಸ್ತ್ರಿಯೇ ಹೇಳಿದ ಮೇಲೆ ಮುಗಿಯಿತಲ್ಲ. ಬರುವ ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಸಮಿತಿ ಸೇರಿ ಕೆಂಪಿಯನ್ನು ತೆಗೆಯುವುದೆಂದು ನಿಶ್ಚಯವಾಯಿತು.

ಗುರುವಾರ ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಅವಳು ಮೂರನೇ ಸಲ ಬಂದಳು. ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ಡ್ರೈವರ್ ಸೀಟು ಬಿಟ್ಟು ಪಕ್ಕದಲ್ಲಿ ಕೂತಳು.

"ಮೇಸ್ತ್ರಿಯಣ್ಣ, ನೀವು ಇನ್ನೊಂದ್ಸಲ ಸ್ಟಾರ್ಟ್ ಮಾಡಿ. ನಾನು ಗಾಡಿ ನೋಡಲ್ಲ, ನಿಮ್ಮ ಕೈ ನೋಡ್ತೀನಿ."

ಮಾಡಿದೆ. ಎದ್ದಿತು. ಆಫ್ ಮಾಡಿಸಿ ಮತ್ತೆ ಮಾಡಿಸಿದಳು. ನಾಲ್ಕನೇ ಸಲಕ್ಕೆ ಹೇಳಿದಳು, "ನೀವು ಕೀ ಹಿಡ್ಕೊಳ್ಳೋದೇ ಇಲ್ಲ. ತಿರುಗ್ಸಿ ಚಟಕ್ ಅಂತ ಬುಟ್ಬುಡ್ತೀರಿ. ಬುಟ್ಟಾಗ ಏಳ್ತದೆ ಅದು. ಈಗ ಬುಡ್ದೆ ಹಿಡ್ಕೊಳ್ಳಿ, ನಾನು ಹೇಳೋ ತಂಕ."

ಹಿಡಿದೆ. ಗರಗರ, ಗರಗರ. ಏಳಲಿಲ್ಲ. "ಬುಡಿ" ಅಂದಳು. ಬಿಟ್ಟೆ. ಬಿಟ್ಟ ಗಳಿಗೆಯಲ್ಲಿ ಎದ್ದಿತು.

ಹೊಸದಾಗಿ ಕಲಿತವಳು ಹೇಗೆ ಹೇಳಿಕೊಟ್ಟರೋ ಹಾಗೆ, ಎಂಜಿನ್ ಏಳುವವರೆಗೆ ಕೀ ಹಿಡಿದಿರುತ್ತಿದ್ದಳು, ಏಳದಿದ್ದರೆ ಸೆಲ್ಫ್ ಸುಟ್ಟೀತೆಂದು ಕೀಯನ್ನು ಪೂರ್ತಿ ಆಫ್‌ಗೆ ತಿರುಗಿಸಿಬಿಡುತ್ತಿದ್ದಳು. ಅದೇ ಸರಿಯಾದ ರೀತಿ. ನನ್ನಂಥ ಹಳಬನ ಮಣಿಕಟ್ಟು ಸಾವಿರಾರು ಗಾಡಿಗಳಲ್ಲಿ ಪಳಗಿ, ಅರೆಗಳಿಗೆ ಮೊದಲೇ ಬಿಡುತ್ತಿತ್ತು. ಬಿಟ್ಟೊಡನೆ ಬಕಾಸುರ ಎಲೆ ಮಡಚುತ್ತಾನೆ, ವೋಲ್ಟೇಜ್ ಮೇಲೇಳುತ್ತದೆ, ಎಂಜಿನ್ ಇನ್ನೂ ಅರ್ಧ ಸುತ್ತು ತಿರುಗುತ್ತಿರುತ್ತದೆ, ಅಷ್ಟರಲ್ಲಿ ಕಿಡಿ ಸಿಗುತ್ತದೆ. ಜೀಪಿನ ಕಾಯಿಲೆಯನ್ನು ನನ್ನ ಕೈಚಳಕವೇ ಮುಚ್ಚಿಟ್ಟಿತ್ತು. ನಾನು ದೂರು ಹೇಳಿದ್ದು ಅವಳ ಕೈ ಮೇಲೆ.

"ಹಂಗಾದ್ರೆ ಸುಲಭ ಆಯ್ತಲ್ಲ ಕೆಂಪಿ," ಅಂದೆ, ತಪ್ಪಿಸಿಕೊಳ್ಳುವ ಬುದ್ಧಿ ನೋಡಿ. "ನೀನೂ ಚಟಕ್ ಅಂತ ಬುಡು. ನಾಳೆ ಅವ್ರ ಮುಂದೆ ಹಂಗೇ ಮಾಡಿ ತೋರ್ಸು."

ಅವಳು ನನ್ನನ್ನೇ ನೋಡಿದಳು. "ನಂಗೆ ಉಪಾಯ ಬ್ಯಾಡ ಅಣ್ಣ. ಹಂಗೆ ಮಾಡುದ್ರೆ, ಓ ಇವ್ಳಿಗೆ ಈಗ ಬಂತು ಅಂತಾರೆ. ಕೈ ಸರಿ ಇರ್ನಿಲ್ಲ ಅನ್ನೋದು ಹಂಗೇ ಉಳೀತದೆ. ಗಾಡೀಲಿ ಏನೈತೆ ಹೇಳಿ."

ಮೀಟರ್ ತೆಗೆದೆ, ಮೊದಲ ದಿನವೇ ತೆಗೆಯಬೇಕಾಗಿದ್ದದ್ದು. ಅವಳು ಕೀ ಹಿಡಿದಳು, ನಾನು ಬಾನೆಟ್ ಕೆಳಗೆ ಬಗ್ಗಿದೆ. ಬ್ಯಾಟರಿ ಮೇಲೆ ಎಂಟೂವರೆ. ಹಳೆಯ ಬ್ಯಾಟರಿ, ಅದು ಒಂದು ತಪ್ಪು. ಕಾಯಿಲ್ ಮೇಲೆ ಐದು. ಅದು ಇನ್ನೊಂದು. ಆ ಜೀಪಿನಲ್ಲಿ ಕಾಯಿಲ್ ಸುಡದಿರಲೆಂದು ಕರೆಂಟನ್ನು ಒಂದಿಷ್ಟು ತಡೆಯುವ ಬಿಳೀ ತುಂಡೊಂದು ದಾರಿಯಲ್ಲಿ ಕೂತಿರುತ್ತದೆ. ಸ್ಟಾರ್ಟ್ ಮಾಡುವಾಗ ಮಾತ್ರ ಆ ತಡೆಯನ್ನು ದಾಟಿ ನೇರವಾಗಿ ಕಾಯಿಲ್‌ಗೆ ಊಟ ಬಡಿಸಲು ಸೆಲ್ಫಿನಿಂದ ಒಂದು ತೆಳು ವಯರ್ ಬರಬೇಕು. ಆ ವಯರನ್ನು ಹುಡುಕುತ್ತಾ ಸೆಲ್ಫ್ ಹತ್ತಿರ ಕೈ ಹಾಕಿದೆ. ವಯರ್ ಇತ್ತು. ಎಲ್ಲಿಗೂ ಸೇರಿರಲಿಲ್ಲ. ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಮಡಚಿತ್ತು. ಟೇಪಿನ ಮೇಲೆ ಕೆಂಪು ನೂಲಿನ ಮೂರು ಸುತ್ತು, ಒಂದು ಗಂಟು.

ನಾನು ಕಟ್ಟಿದ ಗಂಟು ಅದು. ಟೇಪ್ ಬಿಸಿಗೆ ಬಿಚ್ಚಿಕೊಳ್ಳದಿರಲೆಂದು ನಾನು ಮಾಡಿದ ಪ್ರತಿ ಜೋಡಣೆಗೂ ಕೆಂಪು ನೂಲು ಸುತ್ತುತ್ತಿದ್ದೆ. ಬೇರೆ ಯಾರೂ ಮಾಡುತ್ತಿರಲಿಲ್ಲ. "ಕೆಂಪು ನೂಲು ಕಂಡರೆ ಬಿಚ್ಚಬೇಡಿ, ಅದು ಮಾದೇವನ ಕೆಲಸ" ಎಂದು ಊರೆಲ್ಲ ಜಂಬ ಕೊಚ್ಚಿದ್ದೆ. ಆಗ ನೆನಪಾಯಿತು. ವರ್ಷಗಳ ಹಿಂದೆ ಈ ಜೀಪ್ ಒಂದು ತೋಟದವರದ್ದಾಗಿದ್ದಾಗ ಸೆಲ್ಫ್ ಸುಟ್ಟಿತ್ತು. ಬೇರೆ ಗಾಡಿಯದ್ದು ಹೊಂದಿಸಿ ಹಾಕಿದ್ದೆ. ಅದರಲ್ಲಿ ಈ ತೆಳು ವಯರಿಗೆ ಜಾಗ ಇರಲಿಲ್ಲ. ಬ್ಯಾಟರಿ ಹೊಸದು, ಗಾಡಿ ಏಳುತ್ತಿತ್ತು, "ಓಡ್ತದೆ ಬುಡು" ಅಂತ ಟೇಪ್ ಸುತ್ತಿ ನನ್ನ ಮುದ್ರೆಯನ್ನೂ ಒತ್ತಿ ಕಳಿಸಿದ್ದೆ. ಬ್ಯಾಟರಿಗೆ ಮುಪ್ಪು ಬಂದಂತೆ ನನ್ನ ತಪ್ಪು ಹೊರಬಿದ್ದಿತ್ತು, ಬಿದ್ದದ್ದು ಕೆಂಪಿಯ ತಲೆಯ ಮೇಲೆ.

ನೂಲಿನ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಗಂಟು ಕತ್ತರಿಸಿ ಜೇಬಿಗೆ ಹಾಕಿಕೊಂಡು, "ಒಂದು ವಯರ್ ಲೂಸ್ ಆಗಿತ್ತು" ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗೆ ಮಾಡಬೇಕು ಅಂತ ಮನಸ್ಸಿಗೆ ಬಂತು, ಬರಲಿಲ್ಲ ಅನ್ನುವಷ್ಟು ದೊಡ್ಡವನಲ್ಲ ನಾನು. ಒಂದು ಸಣ್ಣ ರಿಲೇ ಹಾಕಿ ಸ್ಟಾರ್ಟ್ ಮಾಡುವಾಗ ಕಾಯಿಲ್‌ಗೆ ನೇರ ದಾರಿ ಮಾಡಿಕೊಟ್ಟೆ. ಅದೇ ಮುದಿ ಬ್ಯಾಟರಿಯಲ್ಲಿ ಕೆಂಪಿ ಕೀ ಹಿಡಿದಳು, ಹಿಡಿದಿರುವಾಗಲೇ ಜೀಪ್ ಎದ್ದಿತು. ಅವಳ ಮುಖ ಅರಳಿದ್ದು ನೋಡಿ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಆಮೇಲೆ ಬ್ಯಾಟರಿಯನ್ನೂ ಬದಲಿಸಿ ಕಳಿಸಿದೆ. ರಾತ್ರಿ ಹೆಂಡತಿಗೆ ಹೇಳಿದರೆ, "ಚಹಾದ ಅಂಗಡೀಲಿ ಹೇಳಿದ್ದು ನೀವು, ನಾಳೆ ಹೋಗಿ ಹೇಳೋದೂ ನೀವೇ" ಅಂದಳು.

ಶುಕ್ರವಾರ ಶಾಲೆಗೆ ಹೋದೆ. ಸಮಿತಿಯವರು ಆರು ಜನ ಬೆಂಚಿನ ಮೇಲೆ, ಕೆಂಪಿ ಬಾಗಿಲ ಬಳಿ ನಿಂತಿದ್ದಳು. ಭಾಷಣ ನನಗೆ ಬರುವುದಿಲ್ಲ. ಕತ್ತರಿಸಿದ ವಯರಿನ ತುದಿಯನ್ನು ನೂಲು ಸಮೇತ ಮೇಜಿನ ಮೇಲಿಟ್ಟೆ. ವರ್ಗೀಸ್ ಚೇಟನ್ ಅದನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದರು.

"ಇದು ನಿನ್ನ ನೂಲಲ್ಲವೋ ಮಾದೇವಾ?"

"ನಂದೇ ಚೇಟಾ. ಆ ಜೀಪು ಏಳದೇ ಇದ್ದದ್ದು ಇದರಿಂದ. ಸೇರ್ಸದೆ ಬಿಟ್ಟೋನು ನಾನು. ಕೈ ಸರಿ ಇಲ್ಲ ಅಂದಿದ್ನಲ್ಲ, ಅದು ನನ್ನ ಕೈ. ತಪ್ಪು ಎಲ್ಲಿ ಅಂತ ಕಂಡು ಹಿಡಿದೋಳು ಕೆಂಪಿ, ನಾನಲ್ಲ."

ವರ್ಗೀಸ್ ಚೇಟನ್ ವಯರನ್ನು ಮೆಲ್ಲಗೆ ಕೆಳಗಿಟ್ಟು, ಕೆಂಪಿಯ ಕಡೆ ತಿರುಗಿ, ಮಗಳನ್ನು ಕರೆಯುವ ಹಾಗೆ, "ಮಕ್ಕಳು ಕಾಯ್ತಿವೆ. ನೀ ಹೋಗು ಮೋಳೇ, ವಂಡಿ ತೆಗಿ," ಅಂದರು. ಸಭೆ ಅಷ್ಟಕ್ಕೇ ಮುಗಿಯಿತು. ಕೆಂಪಿ ಒಳಗೆ ಬಂದು ಮೇಜಿನ ಮೇಲಿದ್ದ ನೂಲನ್ನು ಬಿಚ್ಚಿ, ನನ್ನ ಕಡೆ ನೋಡಿ, "ಇದು ನಂಗಿರ್ಲಿ ಅಣ್ಣ" ಅಂದು ಕೀಗೆ ಕಟ್ಟಿಕೊಂಡಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದಿನಿಂದ ಅಂಗಡಿ ಮುಚ್ಚುವವರೆಗೂ ಯಾವ ಗಾಡಿ ಬಂದರೂ ಮೊದಲು ಕೀ ನಾನು ಮುಟ್ಟಲಿಲ್ಲ. ಓಡಿಸುವವರ ಕೈಯಲ್ಲೇ ತಿರುಗಿಸಿ ನೋಡುತ್ತಿದ್ದೆ. ನಿಮಗೆ ಹೇಳಬೇಕಾದದ್ದು ಇಷ್ಟೇ, ಉಳಿದದ್ದು ಮೀಟರ್ ಹೇಳುತ್ತದೆ.

ಆದರೆ ಆ ಸಂಜೆಯದ್ದು ಇನ್ನೊಂದಿಷ್ಟಿದೆ. ನಾವು ಜಗಲಿಗೆ ಬಂದಾಗ ಕೆಂಪಿ ಜೀಪಿನಲ್ಲಿ ಕೂತಿದ್ದಳು. ಹದಿನಾಲ್ಕು ಮಕ್ಕಳೂ ಹತ್ತದೆ ಹಿಂದೆ ಸಾಲಾಗಿ ನಿಂತು, ಬ್ಯಾಗು ಬೆನ್ನಿಗೇರಿಸಿ, ಕೈಗಳನ್ನು ಜೀಪಿಗೆ ಒತ್ತಿ ತಯಾರಾಗಿದ್ದವು. ದಿನದ ರೂಢಿ. ಕೆಂಪಿ ಕೀ ತಿರುಗಿಸಿದಳು, ಜೀಪ್ ಎದ್ದು ಹತ್ತಡಿ ಮುಂದೆ ಹೋಯಿತು. ಮಕ್ಕಳು ಚಾಚಿದ ಕೈ ಚಾಚಿದ ಹಾಗೇ ಅಂಗಳದಲ್ಲಿ ಉಳಿದವು. ಮರುಗಳಿಗೆ "ಕೆಂಪಕ್ಕಾ, ನಿಲ್ಸೂ!" ಅಂತ ಕೇಕೆ ಹಾಕುತ್ತಾ ಓಡಿದವು. ಅವಳು ನಿಲ್ಲಿಸಿದಳು. ಆಮೇಲೆ, ಆ ಸಮತಟ್ಟು ಅಂಗಳದ ನಟ್ಟನಡುವೆ, ಎಲ್ಲರೂ ನೋಡುತ್ತಿರುವಾಗ, ಎಂಜಿನ್ ಆಫ್ ಮಾಡಿದಳು. ಕೆಳಗಿಳಿದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಹತ್ತಿಸಿದಳು. ಯಾರಿಗೂ ಅವಸರವಿರಲಿಲ್ಲ. ಕೊನೆಯ ಮಗುವೂ ಕೂತ ಮೇಲೆ ಸೀಟಿಗೆ ಬಂದು, ಕೆಂಪು ನೂಲಿನ ಕೀ ತಿರುಗಿಸಿ ಹಿಡಿದಳು.